ಮಳೆಗಾಲ ದಾಟುವ ಅಡೇನಿಯಂ: ಮಣ್ಣು, ನೀರು, ಬುಡದ ಲೆಕ್ಕ

ಗಡ್ಡೆಯಂಥ ದಪ್ಪ ಬುಡದಲ್ಲಿ ನೀರು ಕೂಡಿಡುವ ಹೂಗಿಡ ಅಡೇನಿಯಂ. ಅದನ್ನು ಕೊಟ್ಟು ಕಳಿಸುವಾಗ ನರ್ಸರಿಗಳಲ್ಲಿ ಸಾಮಾನ್ಯವಾಗಿ ಹೇಳುವ ಮಾತು ಒಂದೇ: 'ಮರುಭೂಮಿ ಗಿಡ, ವಾರಕ್ಕೊಂದು ಲೋಟ ನೀರು ಸಾಕು.' ಏಪ್ರಿಲ್‌ನಲ್ಲಿ ಗಿಡ ಕೊಂಡವರು ಈ ಮಾತು ಪಾಲಿಸಿದರೆ ಅದು ಬೆಳವಣಿಗೆ ನಿಲ್ಲಿಸಿ ಸೊರಗುತ್ತದೆ. ಜುಲೈನಲ್ಲಿ ಕೊಂಡವರು ಪಾಲಿಸಿದರೆ ಬುಡ ಕೊಳೆಯುತ್ತದೆ. ಒಂದೇ ಸಲಹೆ ಎರಡು ಕಾಲಕ್ಕೂ ತಪ್ಪಾಗುವುದಕ್ಕೆ ಕಾರಣವಿದೆ. ಈ ಗಿಡಕ್ಕೆ ನೀರಿನ ಲೆಕ್ಕ ವಾರದಿಂದ ಬರುವುದಿಲ್ಲ, ಬಿಸಿಲು ಮತ್ತು ಎಲೆಯಿಂದ ಬರುತ್ತದೆ. ಬಿಸಿಲಿದ್ದು ಮೈತುಂಬ ಎಲೆಯಿದ್ದಾಗ ಅಡೇನಿಯಂ ದಾಸವಾಳದಷ್ಟೇ ನೀರು ಕುಡಿಯಬಲ್ಲದು. ಮೋಡ ಕವಿದು ಎಲೆ ಸುಮ್ಮನಾದಾಗ ಒಂದು ಲೋಟವೂ ಹೆಚ್ಚೇ.

ಗಿಡದ ತವರು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಸೆನೆಗಲ್‌ನಿಂದ ಸೊಮಾಲಿಯಾವರೆಗೆ ಸಹಾರಾದ ದಕ್ಷಿಣದ ಅಂಚು, ಕೀನ್ಯಾ, ತಾಂಜಾನಿಯಾ, ಕೆಂಪು ಸಮುದ್ರದಾಚೆ ಯೆಮನ್, ಒಮಾನ್, ಸೌದಿಯ ಕಲ್ಲುಗುಡ್ಡಗಳು ಇದರ ನೆಲೆ. ಡೆನ್ಮಾರ್ಕಿನ ಅನ್ವೇಷಣಾ ತಂಡದೊಡನೆ ಯೆಮನ್‌ಗೆ ಹೋಗಿ 1763ರಲ್ಲಿ ಅಲ್ಲೇ ತೀರಿಕೊಂಡ ಪೀಟರ್ ಫೋರ್ಸ್ಕಾಲ್ ಇದನ್ನು ಕಣಗಿಲೆಯ ಕುಲಕ್ಕೆ ಸೇರಿಸಿ 'ನೀರಿಯಂ ಒಬೇಸಮ್' ಎಂದು ಬರೆದಿದ್ದ. ಅವನ ಬರಹ ಅಚ್ಚಾದದ್ದು 1775ರಲ್ಲಿ. 1819ರಲ್ಲಿ ಯೆಮನ್‌ನ ಏಡನ್ ಊರಿನ ಹೆಸರಿನಿಂದ ಬೇರೆ ಕುಲ ಮಾಡಿ ಅಡೇನಿಯಂ ಎಂದರು. ಕಣಗಿಲೆಗೆ ಸೇರಿಸಿದ್ದು ತೀರ ತಪ್ಪೇನಲ್ಲ. ಕಣಗಿಲೆ, ದೇವಕಣಗಿಲೆ, ನಿತ್ಯಪುಷ್ಪ ಎಲ್ಲವೂ ಇದರ ದಾಯಾದಿಗಳೇ, ಒಂದೇ ಕುಟುಂಬ. ಆ ಸೀಮೆಯಲ್ಲೂ ಮಳೆ ಬರುತ್ತದೆ. ಆದರೆ ಬಂದ ಮಳೆ ಕಲ್ಲಿನ ಸಂದಿಯಲ್ಲಿ ಇಳಿದು ಹೋಗುತ್ತದೆ, ಮರುದಿನವೇ ಸುಡು ಬಿಸಿಲು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಆ ದಿನಗಳಲ್ಲಿ ವಾರಗಟ್ಟಲೆ ಸೂರ್ಯ ಕಾಣುವುದಿಲ್ಲ. ಮಳೆಗಿಂತ ಈ ಮೋಡವೇ ಅಡೇನಿಯಂಗೆ ದೊಡ್ಡ ಶತ್ರು.

ಒಳಗೆ ನಡೆಯುವುದು ಹೀಗೆ. ಎಲೆ ಬಿಸಿಲಿಗೆ ನೀರನ್ನು ಆವಿಯಾಗಿ ಬಿಡುತ್ತಿದ್ದರೆ ಮಾತ್ರ ಬೇರು ಕೆಳಗಿನಿಂದ ನೀರು ಎಳೆಯುತ್ತದೆ. ಮೋಡವಿದ್ದಾಗ ಎಳೆತ ನಿಲ್ಲುತ್ತದೆ, ಕುಂಡದ ಮಣ್ಣು ಒದ್ದೆಯಾಗಿಯೇ ಉಳಿಯುತ್ತದೆ, ಕಣಗಳ ನಡುವಿನ ಗಾಳಿಯ ಜಾಗವನ್ನೆಲ್ಲ ನೀರು ತುಂಬುತ್ತದೆ. ಬೇರಿಗೂ ಉಸಿರಾಡಲು ಆಮ್ಲಜನಕ ಬೇಕು. ಅದು ಸಿಗದೆ ಮೊದಲು ಸಾಯುವುದು ಕೂದಲೆಳೆಯಂಥ ತೆಳು ಬೇರುಗಳು. ಸತ್ತ ಬೇರಿನ ತುದಿಯಿಂದ ಪಿಥಿಯಮ್, ಫೈಟೊಫ್ತೊರಾದಂಥ ಜೀವಿಗಳು, ಹಿಂದೆಯೇ ಬ್ಯಾಕ್ಟೀರಿಯಾ ಒಳನುಗ್ಗುತ್ತವೆ. ಅಡಿಕೆ ಬೆಳೆಯುವವರಿಗೆ ಈ ಫೈಟೊಫ್ತೊರಾ ಹೊಸದಲ್ಲ, ತೋಟದ ಕೊಳೆರೋಗಕ್ಕೂ ಅದೇ ಕುಲ ಕಾರಣ. ಬೇರಿನಿಂದ ಬುಡದ ಗಡ್ಡೆಗೆ ಹಬ್ಬಿದ ಮೇಲೆ ವೇಗ ಹೆಚ್ಚು. ಗಡ್ಡೆಯ ಒಳಗೆ ನಾರಿಗಿಂತ ನೀರು ತುಂಬಿದ ಮೆತ್ತನೆ ತಿರುಳೇ ಹೆಚ್ಚಿರುವುದರಿಂದ ನಾಲ್ಕೈದು ದಿನದಲ್ಲಿ ಮುಷ್ಟಿಗಾತ್ರದ ಬುಡ ಗಂಜಿಯಾಗಬಹುದು.

ಬುಡ ಮುಟ್ಟಿ ನೋಡುವುದು

ಅಡೇನಿಯಂ ಸಾಕುವವರು ಮೊದಲು ಕಲಿಯಬೇಕಾದ್ದು ಹೆಬ್ಬೆರಳಿನಿಂದ ಗಡ್ಡೆ ಒತ್ತಿ ನೋಡುವುದನ್ನು. ನೀರು ತುಂಬಿದ ಆರೋಗ್ಯದ ಗಡ್ಡೆ ಹಸಿ ಆಲೂಗಡ್ಡೆಯಂತೆ ಗಟ್ಟಿ. ಮೆತ್ತಗಿದೆ ಎಂದರೆ ಎರಡರಲ್ಲಿ ಒಂದು: ಬಾಯಾರಿದೆ, ಇಲ್ಲವೇ ಕೊಳೆಯುತ್ತಿದೆ. ಇವೆರಡಕ್ಕೂ ಮಾಡಬೇಕಾದ ಕೆಲಸ ಒಂದಕ್ಕೊಂದು ವಿರುದ್ಧ, ಆದ್ದರಿಂದ ಇಲ್ಲಿ ಅವಸರ ಸಲ್ಲದು.

ಬಾಯಾರಿದ ಗಡ್ಡೆ ಸುತ್ತಲೂ ಒಂದೇ ಸಮನಾಗಿ ಸಡಿಲಗೊಂಡಿರುತ್ತದೆ. ಒತ್ತಿದರೆ ಬೆರಳಿನಡಿ ತುಸು ತಗ್ಗಿ, ಬಿಟ್ಟಾಗ ಮತ್ತೆ ಮೇಲೆ ಬರುತ್ತದೆ. ಸಿಪ್ಪೆಯ ಮೇಲೆ ಸಣ್ಣ ಸುಕ್ಕು ಕಾಣಬಹುದು, ಬಣ್ಣ ಬದಲಾಗಿರುವುದಿಲ್ಲ. ಕುಂಡ ಎತ್ತಿದರೆ ಹಗುರ. ಬಿಸಿಲಿನ ದಿನ ಚೆನ್ನಾಗಿ ನೀರು ಹಾಕಿದರೆ ಎರಡು ಮೂರು ದಿನದಲ್ಲಿ ಗಟ್ಟಿಯಾಗುತ್ತದೆ. ಕೊಳೆತ ಗಡ್ಡೆ ಹಾಗಲ್ಲ. ಒಂದು ಕಡೆ, ಸಾಮಾನ್ಯವಾಗಿ ಮಣ್ಣಿನ ಮಟ್ಟಕ್ಕೆ ಹತ್ತಿರ, ಬೆರಳು ಒಳಗೇ ಹೋಗುವಷ್ಟು ಮೆತ್ತಗಿರುತ್ತದೆ, ಪಕ್ಕದಲ್ಲೇ ಗಟ್ಟಿ ಜಾಗವಿರುತ್ತದೆ. ಆ ಜಾಗದ ಸಿಪ್ಪೆ ಕಂದು ಅಥವಾ ಕಪ್ಪಿಗೆ ತಿರುಗಿ ತಿರುಳಿನಿಂದ ಬೇರ್ಪಟ್ಟಂತೆ ಜಾರುತ್ತದೆ, ಹುಳಿ ವಾಸನೆ ಬರುತ್ತದೆ. ಕುಂಡ ಭಾರವಾಗಿದ್ದು ಗಡ್ಡೆ ಮೆತ್ತಗಿದ್ದರಂತೂ ಅನುಮಾನವೇ ಬೇಡ: ಕೆಳಗೆ ನೀರಿದೆ, ಅದನ್ನು ಎಳೆಯಲು ಬೇರಿಲ್ಲ. ಇಂಥ ಗಿಡ ಬಾಡಿದ್ದು ಕಂಡು ಇನ್ನೊಂದು ಚೊಂಬು ಸುರಿಯುವುದರಿಂದಲೇ ಹೆಚ್ಚಿನ ಅಡೇನಿಯಂಗಳು ಹೋಗುವುದು.

ನೀರು ಹಾಕುವ ಮೊದಲು ಕುಂಡದ ತಳ ನೋಡಲು ಉರಿದು ಉಳಿದ ಊದುಬತ್ತಿಯ ಕಡ್ಡಿ ಸಾಕು, ಕುಂಡ ಆಳವಿದ್ದರೆ ಉದ್ದನೆಯ ಬಿದಿರು ಕಡ್ಡಿ. ಅಂಚಿನ ಪಕ್ಕದಲ್ಲಿ ತಳದವರೆಗೆ ಚುಚ್ಚಿ ಐದು ನಿಮಿಷ ಬಿಟ್ಟು ತೆಗೆಯಿರಿ. ತುದಿ ಒದ್ದೆಯಾಗಿ ಬಣ್ಣ ಗಾಢವಾಗಿದ್ದರೆ ಇನ್ನೂ ಕಾಯಿರಿ. ಮೇಲ್ಮಣ್ಣು ಒಣಗಿದ್ದು ನೋಡಿ ನಂಬಬೇಡಿ, ಮೇಲೆ ಪುಡಿಪುಡಿಯಾಗಿದ್ದು ಮೂರಿಂಚು ಕೆಳಗೆ ಕೆಸರಿರುವುದು ತೆಂಗಿನ ನಾರಿನ ಪುಡಿ ಹೆಚ್ಚಾದ ಕುಂಡಗಳಲ್ಲಿ ಮಾಮೂಲಿ.

ಒಂದು ಅಂದಾಜಿಗೆ ಹೇಳುವುದಾದರೆ, ಎಂಟು ಇಂಚಿನ ಕುಂಡ, ಪೂರ್ಣ ಬಿಸಿಲು, ಎಲೆ ತುಂಬಿದ ಗಿಡ ಎಂದಿಟ್ಟುಕೊಳ್ಳಿ. ಮಾರ್ಚ್‌ನಿಂದ ಮೇವರೆಗೆ ಬೆಂಗಳೂರು, ಮೈಸೂರಿನಲ್ಲಿ ದಿನ ಬಿಟ್ಟು ದಿನ, ಬಳ್ಳಾರಿ, ರಾಯಚೂರು, ಕಲಬುರಗಿಯ ಕಡೆ ದಿನಾ ಬೆಳಿಗ್ಗೆ. ಹಾಕುವಾಗ ತಳದ ತೂತಿನಿಂದ ನೀರು ಹರಿದು ಬರುವಷ್ಟು ಹಾಕಬೇಕು. ಅರ್ಧ ಲೋಟ ಚಿಮುಕಿಸಿದರೆ ಮೇಲಿನ ಬೇರಿಗಷ್ಟೇ ಸಿಕ್ಕಿ, ತಳದ ಬೇರು ಒಣಗುತ್ತದೆ, ಲವಣಗಳೂ ಮಣ್ಣಿನಲ್ಲೇ ಕೂರುತ್ತವೆ. ಡಿಸೆಂಬರ್, ಜನವರಿಯಲ್ಲಿ ರಾತ್ರಿಯ ಉಷ್ಣತೆ 15 ಡಿಗ್ರಿಯ ಹತ್ತಿರಕ್ಕೆ ಇಳಿದಾಗ ಗಿಡ ನಿದ್ರೆಗೆ ಜಾರಿ ಎಲೆ ಉದುರಿಸುತ್ತದೆ. ಆಗ ಹತ್ತು ಹದಿನೈದು ದಿನಕ್ಕೊಮ್ಮೆ ಸಾಕು, ಅದೂ ಗಡ್ಡೆ ಸಡಿಲವಾಗಿದ್ದರೆ. ಬೀದರ್, ವಿಜಯಪುರದ ಚಳಿಗಾಲದ ರಾತ್ರಿಗಳು ಇನ್ನೂ ತಣ್ಣಗಿರುವುದರಿಂದ ಅಲ್ಲಿ ಎಲೆ ಪೂರ್ತಿ ಉದುರಿ ಬೋಳಾದರೂ ಗಾಬರಿ ಬೇಡ. ಗಡ್ಡೆ ಗಟ್ಟಿಯಿದ್ದರೆ ಗಿಡ ಬದುಕಿದೆ. ಕರಾವಳಿಯಲ್ಲಿ ಚಳಿ ಅಷ್ಟಿಲ್ಲದ ಕಾರಣ ಎಲೆ ಉದುರದೆ ಹೂವೂ ಬರುತ್ತಿರಬಹುದು, ಅಲ್ಲಿ ನೀರು ನಿಲ್ಲಿಸುವ ಅಗತ್ಯವಿಲ್ಲ.

ಮಣ್ಣು ಎನ್ನುವಷ್ಟು ಮಣ್ಣು ಬೇಡ

ಅಡೇನಿಯಂ ಕುಂಡದಲ್ಲಿ ತುಂಬುವುದರ ಮುಖ್ಯ ಕೆಲಸ ಗಾಳಿ ಹಿಡಿದಿಡುವುದು, ಪೋಷಕಾಂಶ ಆಮೇಲೆ. ಕೆಂಪುಮಣ್ಣಿನಲ್ಲಿರುವ ನಯವಾದ ಜೇಡಿಯ ಕಣ ನಾಲ್ಕಾರು ಮಳೆಗೆ ಕೆಳಗಿಳಿದು ತಳದಲ್ಲಿ ಬಿಲ್ಲೆ ಕಟ್ಟಿದಂತೆ ಕೂರುತ್ತದೆ. ಹಾಗಾಗಿ ಕೆಂಪುಮಣ್ಣು ಹಾಕದೆ ಮಾಡುವ ಮಿಶ್ರಣವೇ ಒಳ್ಳೆಯದು. ಅಳತೆಗೆ ಒಂದು ಡಬ್ಬಿ ಇಟ್ಟುಕೊಳ್ಳಿ:

ಇಟ್ಟಿಗೆ ಚೂರು ಅಥವಾ ಬಾಯ್ಲರಿನ ಕಲ್ಲಿದ್ದಲು ಕಿಟ್ಟ, ಕಡಲೆಕಾಳಿನಿಂದ ಗೋಲಿ ಗಾತ್ರದವರೆಗೆ – 4 ಡಬ್ಬಿ
ತೊಳೆದ ದಪ್ಪ ಮರಳು – 2 ಡಬ್ಬಿ
ಸುಟ್ಟ ಭತ್ತದ ಹೊಟ್ಟು ಅಥವಾ ತೊಳೆದ ತೆಂಗಿನ ನಾರಿನ ಪುಡಿ – 2 ಡಬ್ಬಿ
ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಅಥವಾ ಎರೆಗೊಬ್ಬರ – 1 ಡಬ್ಬಿ
ಇದ್ದಿಲ ಚೂರು – ಅರ್ಧ ಡಬ್ಬಿ
ಬೇವಿನ ಹಿಂಡಿ – ಹತ್ತು ಇಂಚಿನ ಕುಂಡಕ್ಕೆ ಎರಡು ಚಮಚ

ಈಗ ನದಿ ಮರಳು ಸಿಗುವುದು ಕಷ್ಟ, ಎಲ್ಲರ ಮನೆ ಮುಂದೆ ಇರುವುದು ಎಂ-ಸ್ಯಾಂಡ್. ಅದನ್ನು ಹಾಗೇ ಹಾಕಿದರೆ ಕಲ್ಲಿನ ಹಿಟ್ಟು ಸಿಮೆಂಟಿನಂತೆ ಕೂರುತ್ತದೆ. ಚಹಾ ಸೋಸುವ ಜಾಲರಿಗಿಂತ ದೊಡ್ಡ ಕಣ್ಣಿನ, ಎರಡು ಮಿಲಿಮೀಟರಿನ ಜರಡಿಯಲ್ಲಿ ಆಡಿಸಿ ಮೇಲೆ ಉಳಿದದ್ದನ್ನಷ್ಟೇ ಬಕೆಟ್ಟಿನಲ್ಲಿ ಮೂರು ನಾಲ್ಕು ಸಲ ತೊಳೆದು ಬಳಸಿ. ಇಟ್ಟಿಗೆ ಕುಟ್ಟಿದಾಗಲೂ ಪುಡಿ ಬಿಡಿ, ಚೂರು ಮಾತ್ರ ತೆಗೆದುಕೊಳ್ಳಿ. ನಾರಿನ ಪುಡಿಯ ಇಟ್ಟಿಗೆಗಳಲ್ಲಿ ಉಪ್ಪಿನಂಶ ಇರುತ್ತದೆ. ಬಳಸುವ ಮುಂಚೆ ಎರಡು ಸಲ ನೀರಿನಲ್ಲಿ ನೆನೆಸಿ ಹಿಂಡಿ.

ಕರಾವಳಿ, ಮಲೆನಾಡಿನವರು ನಾರಿನ ಪುಡಿಯನ್ನು ಪೂರ್ತಿ ಬಿಟ್ಟು ಆ ಪಾಲನ್ನು ಇಟ್ಟಿಗೆಗೆ ಸೇರಿಸಬಹುದು. ರಾಯಚೂರಿನ ತಾರಸಿಯಲ್ಲಿ ಬೆಳೆಸುವವರಿಗೆ ಅದೇ ಮಿಶ್ರಣ ಸಂಜೆಯೊಳಗೆ ಬೂದಿಯಾಗುತ್ತದೆ, ಅವರು ನಾರಿನ ಪುಡಿಯನ್ನು 3 ಡಬ್ಬಿ ಮಾಡಿಕೊಳ್ಳಲಿ. ಸರಿಯಾಗಿದೆಯೇ ಎಂದು ತಿಳಿಯಲು ತುಂಬಿದ ಕುಂಡಕ್ಕೆ ಒಂದು ಲೀಟರ್ ನೀರು ಸುರಿಯಿರಿ. ಸುರಿದು ಮುಗಿದ ಹತ್ತು ಸೆಕೆಂಡಿನಲ್ಲಿ ಮೇಲೆ ನೀರು ನಿಂತಿರಬಾರದು. ನಿಂತರೆ ಕುಂಡ ಖಾಲಿ ಮಾಡಿ, ಮತ್ತೆ ಜರಡಿ ಹಿಡಿಯಿರಿ. ಕುಂಡದ ತಳದಲ್ಲಿ ಜಲ್ಲಿಯ ಪದರ ಹಾಕುವ ರೂಢಿಯಿಂದ ಪ್ರಯೋಜನ ಕಡಿಮೆ. ಸಣ್ಣ ಕಣದ ಮಿಶ್ರಣದಿಂದ ದಪ್ಪ ಜಲ್ಲಿಗೆ ನೀರು ಸಲೀಸಾಗಿ ಇಳಿಯುವುದಿಲ್ಲ, ಗಡಿಯಲ್ಲೇ ನಿಲ್ಲುತ್ತದೆ. ತೂತು ಮುಚ್ಚದಂತೆ ಒಂದು ತುಂಡು ನೈಲಾನ್ ಜಾಲರಿ ಸಾಕು.

ಕುಂಡ ಅಗಲವಾಗಿ, ಆಳ ಕಡಿಮೆ ಇದ್ದಷ್ಟೂ ಒಳ್ಳೆಯದು. ಗಡ್ಡೆಯ ಅಗಲಕ್ಕಿಂತ ಎರಡು ಮೂರು ಇಂಚು ಹೆಚ್ಚಿನ ಬಾಯಿ ಇದ್ದರೆ ಸಾಕು. ಸಣ್ಣ ಗಿಡಕ್ಕೆ ದೊಡ್ಡ ಕುಂಡ ಕೊಟ್ಟರೆ ಬೇರಿಲ್ಲದ ಕಡೆಯ ಮಣ್ಣು ಒಣಗುವುದೇ ಇಲ್ಲ. ಮಳೆ ಹೆಚ್ಚಿರುವ ಕಡೆ ಮಣ್ಣಿನ ಕುಂಡಕ್ಕೆ ನನ್ನ ಮತ, ಪಕ್ಕದಿಂದಲೂ ಒಣಗುತ್ತದೆ. ಬಯಲುಸೀಮೆಯಲ್ಲಿ ಪ್ಲಾಸ್ಟಿಕ್ಕೂ ನಡೆಯುತ್ತದೆ, ಆದರೆ ಕಪ್ಪು ಪ್ಲಾಸ್ಟಿಕ್ ಮೇ ತಿಂಗಳ ತಾರಸಿಯಲ್ಲಿ ಬೇರು ಬೇಯಿಸುತ್ತದೆ. ಯಾವುದೇ ಕುಂಡವಿರಲಿ, ಇಟ್ಟಿಗೆ ತುಂಡಿನ ಮೇಲೆ ಎತ್ತರಿಸಿ ಇಡಿ, ತಟ್ಟೆ ಬೇಡ.

ನೆಲಕ್ಕೆ ನೆಡಬಹುದೇ? ಮಳೆ 600 ಮಿಲಿಮೀಟರಿನ ಆಸುಪಾಸಿರುವ ಉತ್ತರ ಕರ್ನಾಟಕದ ಒಣ ಜಿಲ್ಲೆಗಳಲ್ಲಿ ಧಾರಾಳವಾಗಿ. ಕಪ್ಪು ಎರೆಮಣ್ಣಿದ್ದರೆ ಮಾತ್ರ ಒಂದೂವರೆ ಅಡಿ ಎತ್ತರದ ಕಲ್ಲುಮಿಶ್ರಿತ ದಿಬ್ಬ ಕಟ್ಟಿ ಅದರ ಮೇಲೆ ನೆಡಬೇಕು. ಮಂಗಳೂರು, ಉಡುಪಿಯಲ್ಲಿ ನೆಲಕ್ಕೆ ನೆಡುವುದು ಜೂಜು.

ಹೂವಿನ ಗುಟ್ಟು ಕೊಂಬೆಯ ತುದಿಯಲ್ಲಿ

ಅಡೇನಿಯಂ ಹೂ ಬಿಡುವುದು ಕೊಂಬೆಯ ತುದಿಯಲ್ಲಿ ಮಾತ್ರ. ಐದು ತುದಿಯಿದ್ದರೆ ಐದು ಗೊಂಚಲು, ಮೂವತ್ತಿದ್ದರೆ ಮೂವತ್ತು. 'ಗಿಡ ಮೂರಡಿ ಬೆಳೆದಿದೆ, ಮೇಲೆ ಎರಡೇ ಹೂ' ಎನ್ನುವವರ ಗಿಡಕ್ಕೆ ಗೊಬ್ಬರದ ಕೊರತೆಯಿಲ್ಲ, ಕತ್ತರಿಯ ಕೊರತೆ.

ಸವರಲು ತಕ್ಕ ಕಾಲ ಚಳಿ ಕಳೆದು ಬಿಸಿಲು ಏರುವ ಹೊತ್ತು, ಅಂದರೆ ಜನವರಿ ಕೊನೆಯಿಂದ ಫೆಬ್ರುವರಿ ಕೊನೆಯವರೆಗೆ. ಸಂಕ್ರಾಂತಿ ಕಳೆದ ಮೇಲೆ ಎಂದು ನೆನಪಿಟ್ಟುಕೊಂಡರೆ ಸಾಕು. ಎಲ್ಲ ಕೊಂಬೆಗಳನ್ನೂ ಕವಲೊಡೆದ ಜಾಗದಿಂದ ಎರಡು ಮೂರು ಇಂಚು ಬಿಟ್ಟು ಕತ್ತರಿಸಿ. ಕಟ್ಟರ್ ಬ್ಲೇಡನ್ನು ಸ್ಪಿರಿಟ್‌ನಲ್ಲಿ ಒರೆಸಿ, ಒಂದೇ ಎಳೆತಕ್ಕೆ, ಸ್ವಲ್ಪ ಓರೆಯಾಗಿ ಕತ್ತರಿಸಬೇಕು, ನೀರು ನಿಲ್ಲದಂತೆ. ಕತ್ತರಿಸುವ ನಾಲ್ಕು ದಿನ ಮುಂಚಿನಿಂದ, ಕತ್ತರಿಸಿದ ಮೇಲೆ ಇನ್ನು ನಾಲ್ಕು ದಿನ ನೀರು ಕೊಡಬೇಡಿ. ಗಾಯಕ್ಕೆ ಶಿಲೀಂಧ್ರನಾಶಕದ ಪೇಸ್ಟ್ ಹಚ್ಚಿ, ಇಲ್ಲದಿದ್ದರೆ ಅರಿಸಿನ ಒತ್ತಿದರೂ ನಡೆಯುತ್ತದೆ, ಮುಖ್ಯವಾದದ್ದು ಗಾಯ ಬಿಸಿಲಿಗೆ ಒಣಗುವುದು. ಎರಡು ಮೂರು ವಾರದಲ್ಲಿ ಕತ್ತರಿಸಿದ ಪ್ರತಿ ತುದಿಯ ಕೆಳಗೆ ಎರಡರಿಂದ ನಾಲ್ಕು ಚಿಗುರು ಕಾಣುತ್ತವೆ. ಒಳಮುಖವಾಗಿ ಬೆಳೆಯುವ ಚಿಗುರನ್ನು ಕಡಲೆಗಾತ್ರವಿದ್ದಾಗಲೇ ಚಿವುಟಿಬಿಡಿ. ಮೊಗ್ಗು ಕಾಣಲು ಸವರಿದ ದಿನದಿಂದ ಆರರಿಂದ ಹತ್ತು ವಾರ. ಯುಗಾದಿಯ ಆಸುಪಾಸಿಗೆ ಗಿಡ ತುಂಬುತ್ತದೆ.

ಮಳೆಗಾಲದಲ್ಲಿ ಯಾರು ಏನೇ ಹೇಳಲಿ, ಕತ್ತರಿ ಮುಟ್ಟಬೇಡಿ. ತೇವದ ಗಾಳಿಯಲ್ಲಿ ಗಾಯ ಒಣಗದೆ ಕೊಳೆ ತುದಿಯಿಂದ ಕೆಳಗಿಳಿಯುತ್ತದೆ.

ಕತ್ತರಿಸಿಯೂ ಹೂ ಬರದಿದ್ದರೆ ಮೊದಲು ಬಿಸಿಲು ಎಣಿಸಿ. ದಿನಕ್ಕೆ ಆರು ಗಂಟೆ ನೇರ ಬಿಸಿಲು ಕನಿಷ್ಠ. ಅಪಾರ್ಟ್‌ಮೆಂಟಿನ ಪೂರ್ವದ ಬಾಲ್ಕನಿಯಲ್ಲಿ ಮೂರು ಗಂಟೆ ಬಿಸಿಲು ಸಿಕ್ಕರೆ ಗಿಡ ಬದುಕುತ್ತದೆ, ಕೊಂಬೆ ಉದ್ದುದ್ದ ಎಳೆಯುತ್ತದೆ, ಹೂ ಅಪರೂಪ. ಎರಡನೆಯದು ಜಾತಿ. ನರ್ಸರಿಗಳಲ್ಲಿ 'ಅರೇಬಿಕಮ್', 'ಥಾಯ್ ಸೊಕೊಟ್ರಾನಮ್' ಎಂದು ಮಾರುವ ಗಿಡಗಳ ಸೊಗಸು ಬುಡದಲ್ಲಿ, ಕವಲಿನಲ್ಲಿ. ಅವು ವರ್ಷಕ್ಕೊಂದು ಕಾಲದಲ್ಲಿ ಹೂ ಬಿಟ್ಟು ಮುಗಿಸುತ್ತವೆ. ವರ್ಷವಿಡೀ ಹೂ ಬೇಕಾದವರು ಒಬೇಸಮ್ ತಳಿಗಳನ್ನೇ ಕೊಳ್ಳಬೇಕು. ಮೂರನೆಯದು ಸಾರಜನಕ ಮಿತಿ ಮೀರಿದ್ದು. ಯೂರಿಯಾ ಅಥವಾ ಹಸಿ ಕೋಳಿಗೊಬ್ಬರ ಕಂಡ ಗಿಡ ಅಗಲ ಎಲೆ ಬಿಟ್ಟು ಕಣ್ಣು ತುಂಬುತ್ತದೆ, ಗಡ್ಡೆ ಮಾತ್ರ ಜೊಳ್ಳಾಗಿ ಮುಂದಿನ ಮಳೆಗೆ ಮೊದಲು ಬೀಳುತ್ತದೆ.

ಗೊಬ್ಬರಕ್ಕೆ ದೊಡ್ಡ ಶಾಸ್ತ್ರವಿಲ್ಲ. ಚಿಗುರುವಾಗ 19:19:19 (ಅಂಕಿಗಳು ಕ್ರಮವಾಗಿ ಸಾರಜನಕ, ರಂಜಕ, ಪೊಟ್ಯಾಷ್‌ನ ಪಾಲು) ಲೀಟರಿಗೆ ಒಂದು ಗ್ರಾಂ, ಹದಿನೈದು ದಿನಕ್ಕೊಮ್ಮೆ. ಮೊಗ್ಗು ಕಾಣುವ ಹೊತ್ತಿಗೆ ಅದನ್ನು ನಿಲ್ಲಿಸಿ 0:52:34 ಅಥವಾ 13:0:45 ಅದೇ ಪ್ರಮಾಣದಲ್ಲಿ. ಒಣ ಮಣ್ಣಿಗೆ ಗೊಬ್ಬರದ ನೀರು ಹಾಕಬಾರದು, ಹಿಂದಿನ ದಿನ ಬರೀ ನೀರು ಕೊಟ್ಟಿರಬೇಕು. ಎಲೆ ಉದುರಿ ನಿಂತ ಗಿಡಕ್ಕೆ, ಮೋಡದ ವಾರಗಳಲ್ಲಿ, ಕುಂಡ ಬದಲಿಸಿದ ಮೊದಲ ತಿಂಗಳು ಗೊಬ್ಬರವೇ ಬೇಡ.

ಬುಡ ಎತ್ತುವುದು

ವರ್ಷಕ್ಕೊಮ್ಮೆ ಅಥವಾ ಎರಡು ವರ್ಷಕ್ಕೊಮ್ಮೆ, ಫೆಬ್ರುವರಿಯಿಂದ ಏಪ್ರಿಲ್ ನಡುವೆ ಕುಂಡ ಬದಲಿಸುವಾಗ ಗಡ್ಡೆಯನ್ನು ಮೊದಲಿಗಿಂತ ಒಂದಿಂಚು ಮೇಲೆ ಕೂರಿಸುತ್ತಾ ಬಂದರೆ ದಪ್ಪ ಬೇರುಗಳು ಹೊರಬಂದು ಬೋನ್ಸಾಯ್ ರೂಪ ಬರುತ್ತದೆ. ಐದಾರು ದಿನ ನೀರು ನಿಲ್ಲಿಸಿ ಗಿಡ ತೆಗೆಯಿರಿ, ಬೇರಿನ ಮಣ್ಣು ಪೂರ್ತಿ ತೊಳೆಯಿರಿ. ಹಾಳಾದ, ಕೆಳಮುಖವಾಗಿ ನೇರ ಹೋದ ಬೇರುಗಳನ್ನು ಕತ್ತರಿಸಿ, ಪಕ್ಕಕ್ಕೆ ಹರಡಿದ್ದನ್ನು ಉಳಿಸಿ. ಶಿಲೀಂಧ್ರನಾಶಕ ಧೂಳಿಸಿ ನೆರಳಿನಲ್ಲಿ, ಗಾಳಿಯಾಡುವ ಕಡೆ ತಲೆಕೆಳಗಾಗಿ ನೇತುಹಾಕಿ. ಸಣ್ಣ ಗಾಯವಾದರೆ ನಾಲ್ಕು ದಿನ, ಹೆಬ್ಬೆರಳು ದಪ್ಪದ ಬೇರು ಕತ್ತರಿಸಿದ್ದರೆ ಹತ್ತು ದಿನ. ಆ ಹೊತ್ತಿಗೆ ಕತ್ತರಿಸಿದ ಮುಖ ಗಟ್ಟಿ ತೊಗಟೆಯಂತಾಗಿರುತ್ತದೆ. ಒಣ ಮಿಶ್ರಣದಲ್ಲೇ ನೆಟ್ಟು ಇನ್ನೂ ಐದಾರು ದಿನ ಕಳೆದು ಮೊದಲ ನೀರು. ಗಿಡ ತಂದ ದಿನವೇ ನೆಟ್ಟು ನೀರೆರೆದು ಅಭ್ಯಾಸವಿದ್ದವರಿಗೆ ಇದು ಕ್ರೂರವೆನಿಸಬಹುದು. ಗಡ್ಡೆಯಲ್ಲಿ ತಿಂಗಳಿಗೆ ಸಾಲುವಷ್ಟು ನೀರಿದೆ, ಚಿಂತೆ ಬೇಡ.

ಹೊಸದಾಗಿ ಬೆಳಕು ಕಂಡ ಬೇರಿನ ಸಿಪ್ಪೆ ಎಳೆಯದು. ಮೊದಲ ಎರಡು ವಾರ ಪಶ್ಚಿಮದ ಬಿಸಿಲು ನೇರ ಬಿದ್ದರೆ ಒಂದು ಮಗ್ಗುಲು ಸುಟ್ಟು ಬಿಳಿಚಿಕೊಂಡು ಆಮೇಲೆ ಅದೇ ಜಾಗದಿಂದ ಕೊಳೆ ಶುರುವಾಗುತ್ತದೆ. ಒಂದು ಗೋಣಿ ತುಂಡು ಅಡ್ಡ ಕಟ್ಟಿ.

ಬೀಜದ ಗಿಡಕ್ಕೆ ಮಾತ್ರ ಹುಟ್ಟಿನಿಂದಲೇ ಗುಂಡು ಬುಡ. ಕೊಂಬೆ ನೆಟ್ಟು ಬೆಳೆಸಿದ್ದು ಹೂ ಬೇಗ ಕೊಡುತ್ತದೆ, ಬುಡ ಕಂಬದಂತೆ ಉಳಿಯುತ್ತದೆ. ಬಹುದಳದ, ಎರಡು ಬಣ್ಣದ ಹೂವಿನ ಗಿಡಗಳು ಹೆಚ್ಚಾಗಿ ಬೀಜದ ಬುಡದ ಮೇಲೆ ಕಸಿ ಮಾಡಿದವು. ಪೆನ್ಸಿಲ್ ದಪ್ಪದ ಸಸಿಯ ತಲೆ ಕತ್ತರಿಸಿ ನಡುವೆ ಸೀಳಿ, ಅಷ್ಟೇ ದಪ್ಪದ, ಎರಡಿಂಚಿನ, ಎಲೆ ತೆಗೆದ ಕೊಂಬೆಯ ತಳವನ್ನು ಬೆಣೆಯಂತೆ ಕೆತ್ತಿ ಕೂರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು, ಮೇಲೆ ಪಾಲಿಥೀನ್ ಕವರ್ ಕಟ್ಟಿ ನೆರಳಿನಲ್ಲಿಟ್ಟರೆ ಎರಡು ಮೂರು ವಾರಕ್ಕೆ ಚಿಗುರುತ್ತದೆ. ಕನಿಷ್ಠ ಒಂದು ಪಕ್ಕದಲ್ಲಾದರೂ ಎರಡರ ಸಿಪ್ಪೆ ಸಿಪ್ಪೆಗೆ ಕೂಡಿರಬೇಕು, ಇಲ್ಲದಿದ್ದರೆ ಹಿಡಿಯುವುದಿಲ್ಲ. ಕಸಿಯ ಗಂಟಿನ ಕೆಳಗೆ ಬರುವ ಚಿಗುರನ್ನು ಕಂಡಕಂಡಾಗ ಕೀಳಬೇಕು. 'ಕಪ್ಪು ಕೆಂಪು ಬಹುದಳ ಎಂದು ಕೊಂಡದ್ದು ಈಗ ಗುಲಾಬಿ ಬಣ್ಣದ ಐದೇ ಎಸಳು ಬಿಡುತ್ತಿದೆ' ಎಂಬ ದೂರಿನ ಹಿಂದೆ ಸಾಮಾನ್ಯವಾಗಿ ಇರುವುದು ಮೋಸವಲ್ಲ, ಕೀಳದೆ ಬಿಟ್ಟ ಕೆಳಚಿಗುರು.

ಬೀಜ ಬೇಕಿದ್ದರೆ ಕೈಯಿಂದ ಪರಾಗ ಹಾಯಿಸಬೇಕಾಗುತ್ತದೆ, ಏಕೆಂದರೆ ಹೂವಿನ ರಚನೆ ಬಲು ಬಿಗಿ. ಕೊಳವೆಯೊಳಗೆ ಐದು ಕೇಸರಗಳು ಒಂದಕ್ಕೊಂದು ಅಂಟಿ ಶಂಕುವಿನಂತೆ ನಿಂತಿರುತ್ತವೆ. ಪರಾಗ ಇರುವುದು ಆ ಶಂಕುವಿನ ಒಳಗೆ, ತುದಿಯ ಕಡೆ. ಅದನ್ನು ಸ್ವೀಕರಿಸುವ ಶಲಾಕೆಯ ಭಾಗವಿರುವುದು ಅದರ ಕೆಳಗೆ. ಹೂವಿನ ಒಂದು ಪಕ್ಕ ಸೀಳಿ, ಸೂಜಿಯಿಂದ ಶಂಕುವಿನ ತುದಿ ಬಿಡಿಸಿ ಹಳದಿ ಪರಾಗ ತೆಗೆದು, ಬೇರೆ ಗಿಡದ ಹೂವಿನಲ್ಲಿ ಎರಡು ಕೇಸರಗಳ ನಡುವಿನ ಸಂದಿಯಿಂದ ಕೆಳಗೆ ತೂರಿಸಬೇಕು. ಅದೇ ಗಿಡದ ಪರಾಗ ಸಾಮಾನ್ಯವಾಗಿ ಹಿಡಿಯುವುದಿಲ್ಲ. ಹಿಡಿದರೆ ಜೋಡಿ ಕೋಡು ಬಂದು, ಬಲಿಯಲು ಎರಡು ಮೂರು ತಿಂಗಳು ತೆಗೆದುಕೊಳ್ಳುತ್ತದೆ. ಬಲಿಯುವ ಮುಂಚೆಯೇ ಅದಕ್ಕೆ ದಾರ ಸುತ್ತಿಡಿ. ಬೀಜದ ಎರಡೂ ತುದಿಯಲ್ಲಿ ರೇಷ್ಮೆಯಂಥ ಕುಚ್ಚು ಇರುತ್ತದೆ, ಕೋಡು ಸೀಳಿದ ಗಳಿಗೆಗೆ ಗಾಳಿ ಬಂದರೆ ಪಕ್ಕದ ಬೀದಿ ಸೇರುತ್ತವೆ. ಬೀಜವನ್ನು ಮಲಗಿಸಿ ಅರ್ಧ ಸೆಂಟಿಮೀಟರ್ ಮರಳು ಮುಚ್ಚಿ, ಬೇಸಗೆಯಲ್ಲಿ ನಾಲ್ಕರಿಂದ ಏಳು ದಿನಕ್ಕೆ ಮೊಳಕೆ. ತಿಂಗಳುಗಟ್ಟಲೆ ಇಟ್ಟ ಬೀಜ ನಂಬಬೇಡಿ. ತಾಯಿ ಹೂವಿನ ಬಣ್ಣವೇ ಮಕ್ಕಳಿಗೆ ಬರುತ್ತದೆ ಎಂಬ ಖಾತರಿಯೂ ಇಲ್ಲ.

ಕೊಳೆ ಹಿಡಿದರೆ, ಹುಳ ಬಿದ್ದರೆ

ಕೊಳೆ ಗೊತ್ತಾದ ದಿನವೇ ಗಿಡ ಕಿತ್ತು ತೊಳೆಯಿರಿ. ಚಾಕುವಿನಿಂದ ಮೆತ್ತಗಾದ ಭಾಗವನ್ನೆಲ್ಲ ಕೆತ್ತಿ, ತಿರುಳು ಕೆನೆ ಬಿಳಿಯಾಗಿ ಕಾಣುವವರೆಗೆ ಹೋಗಿ. ಒಂದು ಕಂದು ಚುಕ್ಕೆ ಉಳಿದರೂ ಮತ್ತೆ ಶುರು. ಪ್ರತಿ ಸಲ ಕೆತ್ತಿದ ಮೇಲೂ ಚಾಕು ಒರೆಸಿ. ಔಷಧಿಯಲ್ಲಿ ಹಲವರು ಎಡವುವ ಜಾಗ ಒಂದಿದೆ: ಎಲ್ಲ ಅಂಗಡಿಯಲ್ಲೂ ಕೊಡುವ ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಒಂದೇ ಹಾಕಿದರೆ ಪಿಥಿಯಮ್, ಫೈಟೊಫ್ತೊರಾಗೆ ತಾಕುವುದಿಲ್ಲ, ಅವು ನಿಜವಾದ ಶಿಲೀಂಧ್ರಗಳೇ ಅಲ್ಲ. ಮಳೆಗಾಲದ ಕೊಳೆಗೆ ಮೆಟಲಾಕ್ಸಿಲ್ ಮತ್ತು ಮ್ಯಾಂಕೋಜೆಬ್ ಬೆರೆತದ್ದನ್ನು ಲೀಟರಿಗೆ ಎರಡು ಗ್ರಾಂ ಕಲಸಿ ಹದಿನೈದು ನಿಮಿಷ ಅದ್ದಿ, ಇಲ್ಲವೇ ಕಾಪರ್ ಆಕ್ಸಿಕ್ಲೋರೈಡ್ ಲೀಟರಿಗೆ ಮೂರು ಗ್ರಾಂ. ನಂತರ ಒಣಗಲು ಎರಡು ವಾರವಾದರೂ ಬೇಕು, ಮಳೆಗಾಲದಲ್ಲಿ ಫ್ಯಾನಿನ ಕೆಳಗೆ. ಬುಡ ಪೂರ್ತಿ ಹೋಗಿದ್ದರೆ ಗಟ್ಟಿ ಕೊಂಬೆಗಳನ್ನು ಕತ್ತರಿಸಿ ಒಣಗಿಸಿ ಕಡ್ಡಿಯಾಗಿ ನೆಡಬಹುದು, ತಳಿಯಾದರೂ ಉಳಿಯುತ್ತದೆ.

ತಡೆಯುವುದು ಇದಕ್ಕಿಂತ ಸುಲಭ. ಮೇ ಕೊನೆಗೆ ಕುಂಡಗಳನ್ನು ಸೂರಿನ ಕೆಳಗೆ, ಆದರೆ ಬೆಳಕು ಸಿಗುವ ಅಂಚಿಗೆ ಸರಿಸಿ. ಪಾರದರ್ಶಕ ಪಾಲಿಕಾರ್ಬೊನೇಟ್ ಹಾಳೆ ಅಥವಾ ಪಾಲಿಥೀನ್ ಚಪ್ಪರವಾದರೆ ಇನ್ನೂ ಒಳ್ಳೆಯದು, ಪಕ್ಕಗಳು ತೆರೆದಿರಲಿ. ಹಸಿರು ನೆರಳು ಪರದೆ ಇಲ್ಲಿ ಉಪಯೋಗವಿಲ್ಲ, ಮಳೆ ಒಳಗೆ ಬಿಟ್ಟು ಬೆಳಕು ಹೊರಗೆ ನಿಲ್ಲಿಸುತ್ತದೆ. ಬೆಂಗಳೂರಿನಲ್ಲಿ ಸಂಜೆ ಸುರಿದು ಬೆಳಿಗ್ಗೆ ಬಿಸಿಲು ಬರುವ ಮೇ ತಿಂಗಳ ಮಳೆಯನ್ನು ಗಿಡ ಖುಷಿಯಿಂದ ತಡೆಯುತ್ತದೆ, ಸರಿಯಾದ ಮಿಶ್ರಣವಿದ್ದರೆ ಒಳಗಿಡಬೇಕಿಲ್ಲ. ಜುಲೈನ ಜಿಟಿಜಿಟಿ ಸೋನೆಗೆ ಮಾತ್ರ ಒಳಗೆ. ಬಹುದಳದ ಹೂಗಳು ನೀರು ಹಿಡಿದುಕೊಂಡು ಮೊಗ್ಗಿನಲ್ಲೇ ಕೊಳೆಯುವುದೂ ಆಗಲೇ.

ಕೀಟಗಳಲ್ಲಿ ಬೇಸಗೆಯದ್ದು ನುಸಿ. ಎಲೆಯ ಹೊಳಪು ಹೋಗಿ ಧೂಳು ಕೂತಂತೆ ಮಂಕಾಗಿ, ಹಳದಿ ಚುಕ್ಕೆ ತುಂಬಿ ಉದುರುತ್ತದೆ. ನೀರಿನ ಕೊರತೆ ಎಂದು ತಪ್ಪು ತಿಳಿಯುವುದು ಸಹಜ. ಎಲೆಯ ಕೆಳಗೆ ಬಿಳಿ ಕಾಗದ ಹಿಡಿದು ಎಲೆ ತಟ್ಟಿ. ಬಿದ್ದ ಧೂಳಿನ ಕಣ ನಡೆದಾಡಿದರೆ ನುಸಿಯೇ. ಮೂರು ದಿನಕ್ಕೊಮ್ಮೆ ಬೆಳಿಗ್ಗೆ ಎಲೆಯ ಕೆಳಗೆ ಪೈಪಿನಿಂದ ರಭಸವಾಗಿ ನೀರು ಹೊಡೆದರೆ ಅರ್ಧ ಕೆಲಸ ಮುಗಿಯುತ್ತದೆ. ಉಳಿದದ್ದಕ್ಕೆ ನೀರಲ್ಲಿ ಕದಡುವ ಗಂಧಕ ಲೀಟರಿಗೆ ಎರಡು ಗ್ರಾಂ, ಇಳಿಹೊತ್ತಿನಲ್ಲಿ ಮಾತ್ರ. 35 ಡಿಗ್ರಿ ದಾಟುವ ದಿನಗಳಲ್ಲಿ ಗಂಧಕ ಎಲೆ ಸುಡುತ್ತದೆ. ಬೇವಿನೆಣ್ಣೆ ಹೊಡೆದ ಎರಡು ವಾರದೊಳಗೆ ಗಂಧಕ ಬೇಡ, ಎರಡೂ ಸೇರಿದರೂ ಸುಡುತ್ತದೆ.

ಹಿಟ್ಟು ತಿಗಣೆ ಎಲೆಯ ಬುಡದಲ್ಲಿ ಹತ್ತಿಯಂತೆ ಕಂಡರೆ ಸ್ಪಿರಿಟ್ ಅದ್ದಿದ ಹತ್ತಿಯಲ್ಲಿ ಒರೆಸಿ, ಹೆಚ್ಚಿದ್ದರೆ ಬೇವಿನೆಣ್ಣೆ ಲೀಟರಿಗೆ ಐದು ಮಿಲಿ, ಸೋಪಿನ ನೀರು ಕೆಲವು ಹನಿ ಸೇರಿಸಿ ವಾರಕ್ಕೊಮ್ಮೆ ಮೂರು ಸಲ. ಕಾರಣವಿಲ್ಲದೆ ಗಿಡ ಕುಗ್ಗುತ್ತಿದ್ದರೆ ಕುಂಡದಿಂದ ಮಣ್ಣಿನ ಹೆಂಟೆ ಎತ್ತಿ ನೋಡಿ, ಬೇರಿನಲ್ಲೂ ಈ ತಿಗಣೆ ಇರುತ್ತದೆ. ಅಲ್ಲಿಗೆ ಬೇರು ತೊಳೆದು ಮಣ್ಣು ಬದಲಿಸುವುದೇ ಸರಿ. ಕಣಗಿಲೆಗೆ ಬರುವ ದಪ್ಪ ಹಸಿರು ಕಂಬಳಿಹುಳು, ಬಾಲದ ಕಡೆ ಕೊಂಬಿರುವಂಥದ್ದು, ಇಲ್ಲಿಗೂ ಬರುತ್ತದೆ. ಒಂದೇ ರಾತ್ರಿಯಲ್ಲಿ ಗಿಡ ಬೋಳು ಮಾಡಬಲ್ಲದು. ಔಷಧಿ ಬೇಡ, ಟಾರ್ಚ್ ಹಿಡಿದು ಕೈಯಿಂದ ಆರಿಸಿದರೆ ಆಯಿತು.

ಗಿಡ ಕೊಳ್ಳುವಾಗಲೂ ಹೆಬ್ಬೆರಳು ಬಳಸಿ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ವರ್ಷಕ್ಕೆರಡು ಬಾರಿ, ಜನವರಿ ಮತ್ತು ಆಗಸ್ಟ್‌ನಲ್ಲಿ ನಡೆಯುತ್ತದೆ. ಜನವರಿಯಲ್ಲಿ ಕೊಂಡದ್ದನ್ನು ಫೆಬ್ರುವರಿಯಲ್ಲಿ ನಿಶ್ಚಿಂತೆಯಾಗಿ ಹೊಸ ಕುಂಡಕ್ಕೆ ಹಾಕಬಹುದು. ಆಗಸ್ಟ್‌ನಲ್ಲಿ ಕೊಂಡದ್ದು ಒದ್ದೆ ನಾರಿನ ಪುಡಿ ತುಂಬಿದ ಕಪ್ಪು ಕವರಿನಲ್ಲಿರುತ್ತದೆ, ಬೇರಿಗೆ ಗಾಯ ಮಾಡಿ ಕುಂಡ ಬದಲಿಸುವ ಕಾಲವೂ ಅಲ್ಲ. ಕವರಿನ ಪಕ್ಕಕ್ಕೆ ಹತ್ತಾರು ತೂತು ಚುಚ್ಚಿ, ಸೂರಿನ ಕೆಳಗೆ ಒಣಗಲು ಬಿಟ್ಟು, ಬಿಸಿಲಿನ ಕಾಲಕ್ಕೆ ಕಾಯುವುದು ಲೇಸು.

ಕತ್ತರಿ ಹಿಡಿಯುವ ದಿನ ಕೈಗವಸು ಹಾಕಿಕೊಳ್ಳಿ. ಈ ಗಿಡದ ರಸದಲ್ಲಿ ಹೃದಯದ ಬಡಿತವನ್ನೇ ಕೆಡಿಸುವ ಗ್ಲೈಕೊಸೈಡ್‌ಗಳಿವೆ. ಆಫ್ರಿಕಾದ ಬೇಟೆಗಾರರು ಬಾಣದ ತುದಿಗೆ ಹಚ್ಚುತ್ತಿದ್ದ ವಿಷಗಳಲ್ಲಿ ಇದೂ ಒಂದು. ಮುಟ್ಟಿದ ಕೈಯಲ್ಲಿ ಕಣ್ಣುಜ್ಜಬೇಡಿ, ಸೋಪು ಹಾಕಿ ತೊಳೆಯಿರಿ. ಸವರಿದ ಕೊಂಬೆಗಳನ್ನು ಬೇಲಿಯಾಚೆ ಎಸೆದರೆ ದನವೋ ಮೇಕೆಯೋ ಬಾಯಿ ಹಾಕೀತು. ಅವನ್ನು ಒಣಗಿಸಿ ಹೂಳಿ. ಸುಡುವುದೂ ಬೇಡ.